ಕಾಲುವೆಯ ಉಪಮೆಯೂ ಹೆಗಲಿನ ಧಮನಿಗಳೂ



ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಕಟ್ಟಿರುವ ವಾಣೀವಿಲಾಸಸಾಗರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. 1907ರಲ್ಲಿ ಪೂರ್ಣಗೊಂಡ ಈ ಜಲಾಶಯದಲ್ಲಿ ಸುಮಾರು 3,000 ಕೋಟಿ ಘನ ಅಡಿಗಳಷ್ಟು ನೀರು ನಿಲ್ಲುತ್ತದೆ. ತೂಬಿನಿಂದ ಹೊರಟ ನೀರು ದೊಡ್ಡ ಕಾಲುವೆಗೆ, ಅಲ್ಲಿಂದ ಕವಲುಗಾಲುವೆಗಳಿಗೆ, ಕೊನೆಗೆ ಹೊಲದ ಬದುವಿನ ಬಳಿಗೆ ಬಂದು ಪೈರಿನ ಬುಡದಲ್ಲಿ ಇಂಗಿಹೋಗುತ್ತದೆ. ಚಿತ್ರದುರ್ಗದ ಕೋಟೆಯ ಹೊಂಡಗಳಲ್ಲಿಯೂ ಇದೇ ಕ್ರಮ. ಮೇಲಣ ಗೋಪಾಲಸ್ವಾಮಿ ಹೊಂಡ ತುಂಬಿ ಮಿಕ್ಕ ನೀರು ಕೆಳಗಣ ಅಕ್ಕತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಹರಿದುಹೋದ ನೀರು ಹಿಂದಿರುಗುವುದಿಲ್ಲವೆಂಬುದನ್ನು ಹೊಳಲ್ಕೆರೆ, ಹೊಸದುರ್ಗಗಳ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ.

ಇಂದಿನ ಭಾಷಣದ ವಿಷಯವಾದರೋ ಹೆಗಲಿಗೂ ಎದೆಗೂ ರಕ್ತವನ್ನೊಯ್ಯುವ ಧಮನಿಗಳ ಚರಿತ್ರೆ. ಅದನ್ನು ನೀರಾವರಿಯಿಂದ ಆರಂಭಿಸಿದುದಕ್ಕೆ ಕಾರಣವುಂಟು. ಮನುಷ್ಯನು ತನ್ನ ರಕ್ತನಾಳಗಳ ಸ್ವರೂಪವನ್ನು ಮೊದಲು ಗ್ರಹಿಸಿದುದು ಕಾಲುವೆಯ ಉಪಮೆಯ ಸಹಾಯದಿಂದ. ಅದೇ ಉಪಮೆಯು ಮುಂದೆ ಶತಮಾನಗಳ ಕಾಲ ಅವನ ದೃಷ್ಟಿಗೆ ಅಡ್ಡವಾಗಿಯೂ ನಿಂತಿತು.

ನಮ್ಮ ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ, ಕಾಲುವೆಗಳು ತೋಟವನ್ನೂ ಗದ್ದೆಯನ್ನೂ ತಣಿಸುವಂತೆ ಸಿರೆಗಳು ದೇಹವನ್ನು ಪೋಷಿಸುತ್ತವೆ ಎಂದು ಹೇಳಿದೆ. ಸಿರೆಗಳು 700, ಧಮನಿಗಳು 24, ಇವುಗಳ ಮೂಲ ನಾಭಿ ಎಂದು ಆ ಗ್ರಂಥದ ಎಣಿಕೆ. ಕೈಕಾಲುಗಳ ಬುಡದಲ್ಲಿ ಲೋಹಿತಾಕ್ಷವೆಂಬ ಮರ್ಮವುಂಟು, ಅಲ್ಲಿ ಗಾಯವಾದರೆ ರಕ್ತಕ್ಷಯವಾಗುತ್ತದೆ ಎಂಬ ಎಚ್ಚರಿಕೆಯೂ ಅದರಲ್ಲಿದೆ. ಈ ಎಚ್ಚರಿಕೆ ಅನುಭವದಿಂದ ಬಂದದ್ದು. ನಾಭಿಯೇ ಮೂಲವೆಂಬ ಮಾತು ಊಹೆಯಿಂದ ಬಂದದ್ದು. ಗ್ರೀಸ್ ದೇಶದ ಅರಿಸ್ಟಾಟಲನೂ ತೋಟದ ಕಾಲುವೆಗಳನ್ನೇ ಉದಾಹರಿಸಿದನು. ಕ್ರಿಸ್ತಶಕ ಎರಡನೆಯ ಶತಮಾನದ ವೈದ್ಯ ಗೇಲೆನನು, ರಕ್ತವು ಯಕೃತ್ತಿನಲ್ಲಿ ಹುಟ್ಟಿ ಅಂಗಾಂಗಗಳಲ್ಲಿ ವ್ಯಯವಾಗಿಹೋಗುತ್ತದೆಂದು ಬೋಧಿಸಿದನು. ಪೈರಿನ ಬುಡದಲ್ಲಿ ನೀರು ಇಂಗಿದಂತೆ ಮಾಂಸದಲ್ಲಿ ರಕ್ತ ಇಂಗುತ್ತದೆ ಎಂಬುದೇ ಇದರ ತಾತ್ಪರ್ಯ. ಸುಮಾರು 1,400 ವರ್ಷಗಳ ಕಾಲ ಯೂರೋಪು ಇದನ್ನು ನಂಬಿತು.

ಈ ನಂಬಿಕೆಯನ್ನು ಮುರಿದವನು ಇಂಗ್ಲೆಂಡಿನ ವಿಲಿಯಂ ಹಾರ್ವೆ. ಅವನು ಮಾಡಿದ ಕೆಲಸ ತೂಬಿನ ನೀರನ್ನು ಅಳೆಯುವ ಕೆಲಸದಂಥದು. ಹೃದಯವು ಒಂದು ಬಡಿತಕ್ಕೆ ಅರ್ಧ ಔನ್ಸು ರಕ್ತವನ್ನು ಮಾತ್ರ ಹೊರಡಿಸುತ್ತದೆಂದು ಇಟ್ಟುಕೊಂಡರೂ, ಅರ್ಧ ಗಂಟೆಯ ಸಾವಿರ ಬಡಿತಗಳಲ್ಲಿ 500 ಔನ್ಸು, ಎಂದರೆ ಹದಿನಾಲ್ಕು ಕಿಲೋಗ್ರಾಮಿಗೂ ಮೇಲ್ಪಟ್ಟು ರಕ್ತ ಹೊರಡಬೇಕು. ಅಷ್ಟು ರಕ್ತ ದೇಹದಲ್ಲಿಯೇ ಇಲ್ಲ. ತಿಂದ ಅನ್ನದಿಂದ ಅಷ್ಟು ಬೇಗ ಅದು ಹುಟ್ಟುವುದೂ ಅಸಾಧ್ಯ. ಆದುದರಿಂದ ಹೋದ ರಕ್ತವೇ ಹಿಂದಿರುಗಿ ಬರುತ್ತಿರಬೇಕು. ಹಾರ್ವೆ ತೋಳಿಗೆ ಪಟ್ಟಿ ಕಟ್ಟಿ ಇದನ್ನು ಪರೀಕ್ಷಿಸಿದನು. ಬಿಗಿಯಾಗಿ ಕಟ್ಟಿದರೆ ಮಣಿಕಟ್ಟಿನ ನಾಡಿ ನಿಂತು ಕೈ ತಣ್ಣಗಾಗುತ್ತಿತ್ತು. ತುಸು ಸಡಿಲಿಸಿದರೆ ಕಟ್ಟಿನ ಕೆಳಗಣ ಸಿರೆಗಳು ಉಬ್ಬುತ್ತಿದ್ದುವು. ಧಮನಿಯಿಂದ ಇಳಿದ ರಕ್ತ ಸಿರೆಯಿಂದ ಏರುತ್ತದೆಂಬುದು ಸ್ಪಷ್ಟವಾಯಿತು. ಅವನ ಗ್ರಂಥ 1628ರಲ್ಲಿ ಅಚ್ಚಾಯಿತು. ಇವೆರಡನ್ನೂ ಕೂಡಿಸುವ ಸೂಕ್ಷ್ಮನಾಳಗಳನ್ನು ಇಟಲಿಯ ಮಾಲ್ಪೀಗಿಯು 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಕಂಡನು.

ಇನ್ನು ಹೆಗಲಿನ ಕಡೆಗೆ ಬರೋಣ. ವೇದ ಮತ್ತು ಅವತಿ ಎಂಬ ಹೊಳೆಗಳು ಕೂಡಿ ವೇದಾವತಿಯಾಗಿ, ಹೊಸದುರ್ಗದ ಸೀಮೆಯನ್ನೂ ಹಿರಿಯೂರನ್ನೂ ದಾಟಿ, ಮುಂದೆ ಬಳ್ಳಾರಿಯ ಕಡೆ ಹಗರಿ ಎನಿಸಿಕೊಳ್ಳುತ್ತದೆಯಷ್ಟೆ. ಪ್ರವಾಹ ಒಂದೇ, ಹೆಸರು ಮಾತ್ರ ಬೇರೆ. ತೋಳಿನ ಧಮನಿಯೂ ಹಾಗೆಯೇ. ಕತ್ತಿನ ಬುಡದಿಂದ ಕಾಲರ್ ಎಲುಬಿನ ಹಿಂದೆ ಹಾಯುವಾಗ ಅದಕ್ಕೆ ಸಬ್‌ಕ್ಲೇವಿಯನ್ ಎಂದು ಹೆಸರು, ಮೊದಲನೆಯ ಪಕ್ಕೆಲುಬಿನ ಹೊರ ಅಂಚನ್ನು ದಾಟಿ ಕಂಕುಳನ್ನು ಹೊಕ್ಕಾಗ ಆಕ್ಸಿಲರಿ, ತೋಳಿಗಿಳಿದಾಗ ಬ್ರೇಕಿಯಲ್. ಕಂಕುಳಿನಲ್ಲಿ ಎದೆಯ ಸಣ್ಣ ಮಾಂಸಖಂಡವೊಂದು ಅದರ ಮೇಲೆ ಅಡ್ಡ ಹಾಯುವುದರಿಂದ ವೈದ್ಯರು ಅದನ್ನು ಮೂರು ಭಾಗ ಮಾಡುತ್ತಾರೆ. ಮೊದಲ ಭಾಗದಿಂದ ಒಂದು ಶಾಖೆ, ಎರಡನೆಯದರಿಂದ ಎರಡು, ಮೂರನೆಯದರಿಂದ ಮೂರು. ಒಟ್ಟು ಆರು ಶಾಖೆಗಳು ಎದೆಯ ಮೇಲ್ಭಾಗಕ್ಕೂ ಪಕ್ಕಕ್ಕೂ ಹೆಗಲ ಕೀಲಿಗೂ ಬೆನ್ನಿಗೂ ರಕ್ತವನ್ನು ಹಂಚುತ್ತವೆ.

ಇಲ್ಲಿ ಕಾಲುವೆಯ ಉಪಮೆ ಎರಡನೆಯ ಸಲ ಸೋಲುತ್ತದೆ. ಕಾಲುವೆಯ ತಲೆಯನ್ನು ಮುಚ್ಚಿದರೆ ಕೆಳಗಣ ಹೊಲ ಒಣಗುತ್ತದೆ. ಆದರೆ ಹೆಗಲಿನ ಹಿಂದಣ ಹಲಗೆಯಂಥ ಎಲುಬಿನ ಮೇಲೆ ಸಬ್‌ಕ್ಲೇವಿಯನ್ ಕಡೆಯ ಶಾಖೆಗಳೂ ಆಕ್ಸಿಲರಿಯ ಶಾಖೆಯೊಂದರ ಕವಲುಗಳೂ ಬಲೆಯಂತೆ ಕೂಡಿಕೊಂಡಿವೆ. ನಡುವೆ ಮುಖ್ಯಧಮನಿ ಕಟ್ಟಿಕೊಂಡರೆ ರಕ್ತವು ಈ ಬಲೆಯನ್ನು ಸುತ್ತಿ, ಆ ಶಾಖೆಯಲ್ಲಿ ಹಿಂದುಮುಂದಾಗಿ ಹರಿದು, ಮತ್ತೆ ತೋಳನ್ನು ಸೇರಬಲ್ಲದು. ಇದಕ್ಕೆ ನಮ್ಮ ಸೀಮೆಯಲ್ಲಿ ಹೋಲಿಕೆ ಹುಡುಕುವುದಾದರೆ, ಬತ್ತುತ್ತಿದ್ದ ವಾಣೀವಿಲಾಸಸಾಗರಕ್ಕೆ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಬೇರೊಂದು ನದಿಯ ನೀರನ್ನು ಎತ್ತಿ ತಂದುದನ್ನು ಹೇಳಬಹುದು. ಆದರೆ ಆ ಬದಲು ದಾರಿಯನ್ನು ಕಡಿಯಲು ಮನುಷ್ಯರು ಶ್ರಮಿಸಬೇಕಾಯಿತು. ದೇಹದಲ್ಲಿ ಅದು ಮೊದಲೇ ಸಿದ್ಧವಾಗಿದೆ.

ಶಸ್ತ್ರವೈದ್ಯರು ಇದನ್ನು ನಂಬಿ ಧೈರ್ಯಮಾಡಿದರು. ಲಂಡನ್ನಿನ ಜಾನ್ ಹಂಟರ್ 1785ರಲ್ಲಿ ಮಂಡಿಯ ಹಿಂದೆ ಉಬ್ಬಿದ ಧಮನಿಯ ರೋಗಕ್ಕಾಗಿ ತೊಡೆಯ ಧಮನಿಯನ್ನೇ ಕಟ್ಟಿದನು; ಕಾಲು ಉಳಿಯಿತು. ನ್ಯೂಯಾರ್ಕಿನ ರೈಟ್ ಪೋಸ್ಟ್ 1817ರಲ್ಲಿ ಸಬ್‌ಕ್ಲೇವಿಯನ್ ಧಮನಿಯನ್ನು ಕಟ್ಟಿ ಯಶಸ್ಸು ಪಡೆದನು. ಆದರೂ ಎಲ್ಲಿ ಕಟ್ಟಬೇಕೆಂಬುದೇ ಮುಖ್ಯ ಪ್ರಶ್ನೆ. ಹೆಗಲ ಬಲೆಯ ಕವಲು ಹೊರಡುವ ಸ್ಥಳಕ್ಕಿಂತ ಮೇಲೆ ಕಟ್ಟಿದರೆ ತೋಳು ಬದುಕುವ ಸಂಭವ ಹೆಚ್ಚು. ಅದಕ್ಕಿಂತ ಕೆಳಗೆ ಕಟ್ಟಿದರೆ ಬದಲು ದಾರಿ ಸಾಲದೆ ತೋಳು ಕೆಡುವ ಭಯವುಂಟು. ಒಂದೆರಡು ಬೆರಳಿನ ಅಂತರದಲ್ಲಿ ಒಬ್ಬ ದುಡಿಯುವವನ ಕೈಯ ಭವಿಷ್ಯ ನಿಂತಿರುತ್ತದೆ. ಶವಚ್ಛೇದನ ಮಾಡಿ ಕಲಿಯದವರಿಗೆ ಈ ಅಂತರ ತಿಳಿಯದು. ಕಲ್ಕತ್ತೆಯಲ್ಲಿ 1836ರಲ್ಲಿ ಮಧುಸೂದನ ಗುಪ್ತರು ಸಮಾಜದ ವಿರೋಧವನ್ನು ಲೆಕ್ಕಿಸದೆ ಶವಚ್ಛೇದನಕ್ಕೆ ಕೈಹಾಕಿದುದರ ಮಹತ್ವ ಇದೇ. ಮೈಸೂರು ಸಂಸ್ಥಾನದಲ್ಲಿ 1924ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದಿತು. ಇಂದು ಚಿತ್ರದುರ್ಗದಲ್ಲಿಯೇ ತರುಣರು ಈ ವಿದ್ಯೆಯನ್ನು ಕಲಿಯುತ್ತಿದ್ದಾರೆ.

ಎದೆಯ ಒಳಗೋಡೆಯ ಮೇಲೆ ಇಳಿಯುವ ಸಬ್‌ಕ್ಲೇವಿಯನ್‌ನ ಇನ್ನೊಂದು ಶಾಖೆಯ ಚರಿತ್ರೆಯೂ ಸ್ವಾರಸ್ಯವಾದುದು. ಪಕ್ಕೆಲುಬುಗಳ ನಡುವಣ ಧಮನಿಗಳು ಅದರೊಡನೆ ಕೂಡಿರುವುದರಿಂದ ಅದನ್ನು ಬಿಡಿಸಿಕೊಂಡರೂ ಎದೆಗೋಡೆಗೆ ಸಾಮಾನ್ಯವಾಗಿ ಕೊರತೆಯಾಗುವುದಿಲ್ಲ. 1964ರಲ್ಲಿ ಲೆನಿನ್‌ಗ್ರಾಡಿನ ವಾಸಿಲಿ ಕೋಲೆಸೋವ್ ಅದರ ತುದಿಯನ್ನು ಹೃದಯದ ಸ್ವಂತ ಧಮನಿಗೆ ಜೋಡಿಸಿದನು. ಇಂದು ನಡೆಯುವ ಬೈಪಾಸ್ ಶಸ್ತ್ರಚಿಕಿತ್ಸೆಗಳಲ್ಲಿ ಈ ಧಮನಿಗೆ ಅಗ್ರಸ್ಥಾನ.

ಕೊನೆಗೊಂದು ಪ್ರಯೋಜನದ ಮಾತು. ಕುಡುಗೋಲೋ ಯಂತ್ರವೋ ತಾಗಿ ಕಂಕುಳಿನಲ್ಲಿ ರಕ್ತ ಚಿಮ್ಮಿದರೆ ಅಲ್ಲಿ ಪಟ್ಟಿ ಬಿಗಿಯಲು ಸ್ಥಳವಿಲ್ಲ. ಶುಭ್ರವಾದ ಬಟ್ಟೆಯನ್ನು ಗಾಯದೊಳಕ್ಕೆ ತುಂಬಿ, ಕೈ ತೆಗೆಯದೆ ಬಲವಾಗಿ ಒತ್ತಿಹಿಡಿದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬದಲು ದಾರಿಯುಂಟೆಂಬ ಭರವಸೆಯಿಂದ ನಿಧಾನಿಸಬಾರದು. ಆ ದಾರಿ ಅಗಲವಾಗಲು ಕಾಲ ಬೇಕು. ಒಡೆದ ಧಮನಿ ಕಾಲ ಕೊಡುವುದಿಲ್ಲ. ವಾಣೀವಿಲಾಸಸಾಗರ 1933ರಲ್ಲಿ ಕೋಡಿ ಹರಿದು, ಮತ್ತೆ ಹರಿದದ್ದು 2022ರಲ್ಲಿ. ನೆಲ ಅಷ್ಟು ವರ್ಷ ಕಾದೀತು. ದೇಹದಲ್ಲಿರುವ ಸುಮಾರು ಐದು ಲೀಟರು ರಕ್ತಕ್ಕೆ ಅಂಥ ಜಲಾಶಯವಿಲ್ಲ; ಅದು ಸುತ್ತುತ್ತಲೇ ಇರಬೇಕು.