ಬೆರಳ ತುದಿಯ ಬೇಹುಗಾರ

ನರಗುಂದದ ಬಾಬಾಸಾಹೇಬರ ಕಥೆ ನಮ್ಮ ಗದಗ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ದತ್ತು ಮಗನಿಗೆ ಗಾದಿ ಕೊಡಲ್ಲ ಅಂದ ಕಂಪನಿ ಸರ್ಕಾರ, ಸಿಡಿದೆದ್ದ ದೊರೆ ಭಾಸ್ಕರರಾವ್ ಭಾವೆ, 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಸತ್ತ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್, ನರಗುಂದದ ಅಗಸೆಗೆ ತೂಗಿದ ಅವನ ತಲೆ. ಜೂನ್ ಮೊದಲ ವಾರದೊಳಗೆ ಕೋಟೆ ಬ್ರಿಟಿಷರ ಪಾಲಾಯ್ತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು.

ಇಷ್ಟು ಎಲ್ಲರೂ ಹೇಳ್ತಾರೆ. ಆದರೆ ಈ ಕಥೆಯಲ್ಲಿ ಒಂದು ಪತ್ರ ಇದೆ ನೋಡಿ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ಸುರೇಬಾನಕ್ಕೆ ಬರುವ ಮೊದಲು ಮ್ಯಾನ್ಸನ್ ರಾಮದುರ್ಗಕ್ಕೆ ಹೋಗಿದ್ದ. ಅಲ್ಲಿನ ದೊರೆ ಬಾಬಾಸಾಹೇಬರ ಮಲಸಹೋದರ. ನೀನೂ ಬಂಡಾಯಕ್ಕೆ ಬಾ ಅಂತ ನರಗುಂದದಿಂದ ಬಂದಿದ್ದ ಪತ್ರವನ್ನು ಅವನು ಮ್ಯಾನ್ಸನ್ ಕೈಗೆ ಕೊಟ್ಟು ತೋರಿಸಿದ, ಆ ದಾರಿ ಬೇಡ ಅಂತ ಎಚ್ಚರಿಸಿದ ಅಂತ ಬ್ರಿಟಿಷರ ಕಾಲದ ಬರಹಗಳಲ್ಲೇ ಇದೆ.

ಗಮನಿಸಿ. ಆ ಪತ್ರವನ್ನು ದಾರಿಯಲ್ಲಿ ಯಾರೂ ಕದಿಯಲಿಲ್ಲ. ಓಲೆಕಾರ ಮೋಸ ಮಾಡಲಿಲ್ಲ, ಮೊಹರು ಮುರಿಯಲಿಲ್ಲ. ಹೋಗಬೇಕಾದ ಮನೆಗೆ ಸರಿಯಾಗಿ ಹೋಯ್ತು, ಆ ಮನೆಯೊಳಗೇ ಬಯಲಾಯ್ತು. ದಾರಿ ಕಾಯುವವರು ಮನೆ ಕಾಯುವುದನ್ನು ಮರೆಯೋದು ಇವತ್ತಿಗೂ ಇದೆ. ಬ್ಯಾಂಕ್ ವೆಬ್‌ಸೈಟ್ ತೆರೆದಾಗ ಕೆಲವು ಬ್ರೌಸರ್‌ಗಳಲ್ಲಿ ಮೇಲೆ ಬೀಗದ ಗುರುತು ಕಾಣುತ್ತಲ್ಲ, ಅದು ದಾರಿಯ ಬೀಗ. ನಿಮ್ಮ ಪಾಸ್‌ವರ್ಡ್ ಕಂಪ್ಯೂಟರಿನಿಂದ ಹೊರಟು ಬ್ಯಾಂಕ್ ಸೇರುವವರೆಗೆ ಯಾರೂ ಓದಲಾರರು. ಸರಿ. ಆದರೆ ನೀವು ಒತ್ತುವ ಕೀಲಿಯೇ ಚಾಡಿ ಹೇಳಿದರೆ? ಬೀಗ ಬೀಳುವ ಮೊದಲೇ ಅಕ್ಷರ ಕಳ್ಳನ ಕೈ ಸೇರಿರುತ್ತೆ. ಇದರ ಹೆಸರು ಕೀಲಾಗರ್.

ಇದು ಕಂಪ್ಯೂಟರ್ ಕಾಲದ ಹಾವಳಿ ಅಂದ್ಕೊಂಡಿದ್ದರೆ ತಪ್ಪು. ಇದು ಶುರುವಾಗಿದ್ದು ಟೈಪ್‌ರೈಟರ್‌ನಲ್ಲಿ. ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಐಬಿಎಂ ಸೆಲೆಕ್ಟ್ರಿಕ್ ಅನ್ನುವ ವಿದ್ಯುತ್ ಟೈಪ್‌ರೈಟರ್‌ಗಳಿದ್ದವು. ಅದರಲ್ಲಿ ಅಕ್ಷರಕ್ಕೊಂದು ಕಡ್ಡಿ ಇರಲಿಲ್ಲ. ಗಾಲ್ಫ್ ಚೆಂಡಿನಂಥ ಒಂದು ಉಂಡೆಯ ಮೇಲೆ ಎಲ್ಲ ಅಕ್ಷರ. ನೀವು ಕೀಲಿ ಒತ್ತಿದರೆ ಉಂಡೆ ಅಷ್ಟು ತಿರುಗಿ, ಇಷ್ಟು ವಾಲಿ, ಕಾಗದಕ್ಕೆ ಬಡಿಯುತ್ತೆ. ಹಾಗೆ ತಿರುಗಿಸುವ ಒಳಗಿನ ಸಣ್ಣ ತೋಳುಗಳ ಚಲನೆ ಅಳೆದುಬಿಟ್ಟರೆ ಯಾವ ಅಕ್ಷರ ಅಂತ ತಿಳಿದಂತೆಯೇ! ಸೋವಿಯತ್ ಬೇಹುಗಾರರು ಮಾಡಿದ್ದು ಅದನ್ನೇ. ಯಂತ್ರದೊಳಗೆ ಅಡ್ಡಕ್ಕಿದ್ದ ಒಂದು ಅಲ್ಯೂಮಿನಿಯಂ ಪಟ್ಟಿಯನ್ನು ಟೊಳ್ಳು ಮಾಡಿ, ಅದರೊಳಗೆ ಅಯಸ್ಕಾಂತದ ಏರುಪೇರು ಗುರುತಿಸುವ ಉಪಕರಣ ಇಟ್ಟು, ಅಕ್ಷರಗಳನ್ನು ರೇಡಿಯೋ ಮೂಲಕ ಹೊರಗೆ ಕಳಿಸಿದರು. ಇಂಥ ಕೆಲವು ಉಪಕರಣಗಳು ಕರೆಂಟನ್ನೂ ಅದೇ ಟೈಪ್‌ರೈಟರ್‌ನಿಂದ ಎಳೆದುಕೊಳ್ಳುತ್ತಿದ್ದವು. ಉಂಡ ಮನೆಗೇ ಕನ್ನ.

1976ರಿಂದ 1984ರವರೆಗೆ, ಎಂಟು ವರ್ಷ ಇದು ನಡೆಯಿತು. ಫ್ರಾನ್ಸಿನವರು ತಮ್ಮ ರಾಯಭಾರ ಕಚೇರಿಯ ಟೆಲಿಪ್ರಿಂಟರಿನಲ್ಲಿ ಇಂಥದ್ದೇ ಒಂದನ್ನು ಕಂಡ ಮೇಲೆ ಅಮೆರಿಕದವರಿಗೆ ಅನುಮಾನ ಬಂತು. 1984ರಲ್ಲಿ ಕಚೇರಿಯ 11 ಟನ್ ಯಂತ್ರಗಳನ್ನು ಸದ್ದಿಲ್ಲದೆ ಬದಲಿಸಿ, ಹಳೆಯವನ್ನು ದೇಶಕ್ಕೆ ಒಯ್ದು ಎಕ್ಸ್‌ರೇ ತೆಗೆದರು. 16 ಟೈಪ್‌ರೈಟರ್‌ಗಳಲ್ಲಿ ಕಳ್ಳ ಕೂತಿದ್ದ. ಅಮೆರಿಕದವರ ಗುಪ್ತಲಿಪಿ ಯಂತ್ರಗಳೇನೂ ಸೋತಿರಲಿಲ್ಲ. ಗುಪ್ತಲಿಪಿಗೆ ಹೋಗುವ ಮೊದಲು ಯಾರೋ ಒಬ್ಬರು ಮಾಮೂಲಿ ಅಕ್ಷರದಲ್ಲಿ ಟೈಪ್ ಮಾಡಲೇಬೇಕಲ್ಲ? ಕಳ್ಳ ಕಾದಿದ್ದು ಅಲ್ಲಿ.

ಆಮೇಲಿನದು ಬೇಗ ಹೇಳ್ತೀನಿ. 2004ರಲ್ಲಿ ಲಂಡನ್ನಿನ ಸುಮಿಟೋಮೊ ಮಿತ್ಸುಯಿ ಬ್ಯಾಂಕಿಗೆ ರಾತ್ರಿ ಹೊತ್ತು ಒಳಗಿನವರೇ ಬಾಗಿಲು ತೆಗೆದರು. ಕೀಲಾಗರ್ ಹಾಕಿ ಸಿಬ್ಬಂದಿಯ ಪಾಸ್‌ವರ್ಡ್ ಎತ್ತಿದ ಗುಂಪು 22 ಕೋಟಿ ಪೌಂಡ್‌ನಷ್ಟು ಹಣ ಸಾಗಿಸಲು ನೋಡಿತು. ಫಾರಂ ತುಂಬುವಾಗ ತಪ್ಪು ಮಾಡಿದ್ದರಿಂದ ಹಣ ಉಳಿಯಿತು. 2019ರಲ್ಲಿ ನಮ್ಮ ಕೂಡಂಕುಳಂ ಅಣುಸ್ಥಾವರದ ಆಡಳಿತ ಜಾಲದ ಕಂಪ್ಯೂಟರ್ ಹೊಕ್ಕಿದ್ದ ಡಿಟ್ರ್ಯಾಕ್ ಅನ್ನುವ ವೈರಸ್ಸಿಗೂ ಕೀಲಿ ಕದಿಯುವ ವಿದ್ಯೆ ಗೊತ್ತಿತ್ತು. ಸ್ಥಾವರ ನಡೆಸುವ ವ್ಯವಸ್ಥೆ ಬೇರೆಯೇ ಇದ್ದುದರಿಂದ ಅದಕ್ಕೆ ಏನೂ ಆಗಲಿಲ್ಲ.

ಇಷ್ಟೆಲ್ಲ ಸ್ಟುಡಿಯೋದಲ್ಲಿ ಕೂತು ಗತ್ತಿನಿಂದ ಹೇಳುವ ನಾನು ಒಂದು ವಿಷಯ ಇವತ್ತಿನವರೆಗೆ ಹೇಳಿರಲಿಲ್ಲ. ಇಂಜಿನಿಯರಿಂಗ್ ಓದುವಾಗ ಕಾಲೇಜಿನ ಲ್ಯಾಬಿನಲ್ಲಿ ನಾನೇ ಕೀಲಾಗರ್ ಹಾಕಿದ್ದೆ. ಆರ್ಕುಟ್ ಕಾಲ ಅದು. ಪುಕ್ಕಟೆ ಸಿಗುವ ಪ್ರೋಗ್ರಾಂ, ಐದು ನಿಮಿಷದ ಕೆಲಸ. ಯಾರ ಪಾಸ್‌ವರ್ಡ್ ಯಾವ ಹುಡುಗಿ ಹೆಸರು ಅಂತ ನೋಡಿ ನಗೋಣ ಅನ್ನುವ ಹುಡುಗಾಟ. ಸಂಜೆ ಫೈಲ್ ತೆರೆದೆ. ಗಜೇಂದ್ರಗಡದ ಗೆಳೆಯನೊಬ್ಬ ಆ ಕಂಪ್ಯೂಟರಿನಲ್ಲಿ ಕೂತು ಅಣ್ಣನಿಗೆ ಮೇಲ್ ಬರೆದಿದ್ದ. ಅವರ ಮನೆಯಲ್ಲಿ ಮಗ್ಗ ನಿಂತು ಬಹಳ ದಿನ ಆಗಿತ್ತಂತೆ. ಪರೀಕ್ಷೆ ಫೀಸಿಗೆ ಹಣ ಕಳಿಸು ಅಂತ ಬರೆದಿದ್ದಾನೆ, ಅಳಿಸಿದ್ದಾನೆ. ಮತ್ತೆ ಬರೆದಿದ್ದಾನೆ, ಅಳಿಸಿದ್ದಾನೆ. ಕೊನೆಗೆ ಕಳಿಸಿದ್ದು, ನಾನು ಚೆನ್ನಾಗಿದ್ದೀನಿ ಅನ್ನುವ ಒಂದೇ ಸಾಲು. ಅಣ್ಣನಿಗೆ ಹೋಗಿದ್ದು ಆ ಒಂದು ಸಾಲು ಮಾತ್ರ. ಅಳಿಸಿದ್ದೆಲ್ಲ ನನ್ನ ಹತ್ತಿರ ಇತ್ತು.

ಫೈಲನ್ನೂ ಪ್ರೋಗ್ರಾಂ ಅನ್ನೂ ಆವತ್ತೇ ತೆಗೆದುಹಾಕಿದೆ. ಅವನಿಗೆ ಹೇಳುವ ಧೈರ್ಯ ಬರಲಿಲ್ಲ. ಇನ್ನೊಬ್ಬರ ಪಾಸ್‌ವರ್ಡ್ ಕದ್ದು ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಂತ ಓದಿಕೊಂಡಿದ್ದು ಎಷ್ಟೋ ವರ್ಷ ಆದಮೇಲೆ.

ಮೊನ್ನೆ ರೋಣಕ್ಕೆ ಹೋಗಿದ್ದೆ, ಸೋದರಮಾವನ ಮನೆಗೆ. ಮಾವ ಆನ್‌ಲೈನ್ ಸೆಂಟರಿಗೆ ಹೊರಟಿದ್ದರು. ಬೆಳೆವಿಮೆ ಅರ್ಜಿ ತುಂಬಬೇಕು, ಹಾಗೇ ಅಲ್ಲೇ ಕೂತು ಬ್ಯಾಂಕ್ ಖಾತೆಯನ್ನೂ ನೋಡಿ ಬರೋದು ರೂಢಿ.

"ಮಾವಾ, ಅರ್ಜಿ ತುಂಬ್ರಿ, ಬ್ಯಾಂಕಿಂದು ಮಾತ್ರ ಅಲ್ಲಿ ಬ್ಯಾಡ" ಅಂದೆ.

"ಯಾಕೋ ಅಳಿಯಾ, ಹುಡುಗ ಭಾಳ ಒಳ್ಳೇಂವ ಅದಾನ."

ಹುಡುಗ ಒಳ್ಳೆಯವನೇ. ಆದರೆ ದಿನಕ್ಕೆ ನೂರು ಜನರ ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವ ಕಂಪ್ಯೂಟರಿನೊಳಗೆ ಏನು ಕೂತಿದೆ ಅಂತ ಆ ಹುಡುಗನಿಗೂ ಗೊತ್ತಿರಲ್ಲ. ಜೊತೆಗೆ ಹೋಗಿ ಸಿಪಿಯು ಹಿಂದೆ ಬಗ್ಗಿ ನೋಡಿದೆ. ಕೀಬೋರ್ಡ್ ವೈರಿಗೂ ಪೋರ್ಟಿಗೂ ನಡುವೆ ಹೆಬ್ಬೆರಳಿನಷ್ಟು ತುಂಡು ಸಿಕ್ಕಿಸಿದ್ದರೆ ಅದೂ ಕೀಲಾಗರೇ. ಅಲ್ಲಿ ಧೂಳು ಬಿಟ್ಟರೆ ಬೇರೇನೂ ಇರಲಿಲ್ಲ. ಅಷ್ಟಕ್ಕೇ ನಿಶ್ಚಿಂತೆ ಅಂತಲ್ಲ, ಸಾಫ್ಟ್‌ವೇರ್ ಕಳ್ಳ ಬಗ್ಗಿದರೂ ಕಾಣಲ್ಲ. ಪರದೆ ಮೇಲಿನ ಕೀಬೋರ್ಡಿನಲ್ಲಿ ಮೌಸ್‌ನಿಂದ ಒತ್ತಿದರೆ ಸಾಕು ಅಂತ ಕೆಲವರು ಹೇಳ್ತಾರೆ. ಪರದೆಯ ಫೋಟೋವನ್ನೇ ತೆಗೆಯುವ ಕಳ್ಳರೂ ಇದ್ದಾರೆ ಸ್ವಾಮಿ. ಓಟಿಪಿ ಇದ್ದರೆ ಕದ್ದ ಪಾಸ್‌ವರ್ಡ್ ಒಂದರಿಂದಲೇ ಖಾತೆ ತೆರೆಯಲ್ಲ, ಅದು ಒಳ್ಳೆಯದೇ. ಆದರೆ ಆ ಓಟಿಪಿ ಬರುವ ಫೋನ್ ಶುದ್ಧ ಇರಬೇಕು.

ಮಾವನ ಫೋನ್ ಇಸಕೊಂಡೆ. ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಅಂತ ಒಂದು ಫೈಲ್ ಬಂದು ಕೂತಿತ್ತು, ಹೆಸರಿನ ಕೊನೆಗೆ ಎಪಿಕೆ. ಕರೆಯೋಲೆ ಚಿತ್ರವಾಗಿ ಬರುತ್ತೆ, ಆ್ಯಪ್ ಆಗಿ ಯಾಕೆ ಬರುತ್ತೆ? ಪುಣ್ಯಕ್ಕೆ ಒತ್ತಿರಲಿಲ್ಲ, ಅಳಿಸಿದೆ. ಸೆಟ್ಟಿಂಗ್ಸಿನಲ್ಲಿ ಆಕ್ಸೆಸಿಬಿಲಿಟಿ ಅನುಮತಿ ಯಾವ ಆ್ಯಪಿಗಿದೆ ಅಂತ ನೋಡಿದೆ. ಎಮೋಜಿ ಚೆನ್ನಾಗಿದೆ ಅಂತ ಮೊಮ್ಮಗ ಹಾಕಿಕೊಟ್ಟಿದ್ದ ಯಾವುದೋ ಕೀಬೋರ್ಡ್ ಆ್ಯಪ್ ತೆಗೆದೆ. ನೀವು ಟೈಪಿಸುವ ಪ್ರತಿ ಅಕ್ಷರ ಅದರ ಮೂಲಕವೇ ಹಾಯಬೇಕು, ಹಾಗಾಗಿ ಗೊತ್ತಿಲ್ಲದವರ ಕೀಬೋರ್ಡ್ ಬೇಡವೇ ಬೇಡ. ಬಾಕಿ ಇದ್ದ ಅಪ್‌ಡೇಟ್ ಹಾಕಿದೆ. ಹಣ ಹೋದ ತಕ್ಷಣ ಒತ್ತಬೇಕಾದ 1930 ನಂಬರನ್ನು ಸೇವ್ ಮಾಡಿಕೊಟ್ಟೆ. ಕೊನೆಗೆ ಆ ಫೋನಿನಿಂದಲೇ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ ಅಂದೆ.

ಮಾವ ಅಂಗಿ ಜೇಬಿನಿಂದ ಮಡಚಿದ ಚೀಟಿ ತೆಗೆದರು. ಹಳೆ ಪಾಸ್‌ವರ್ಡ್ ಅದರಲ್ಲಿತ್ತು.

"ಇದನ್ನ ಆ ಹುಡುಗಗ ಕೊಟ್ಟಬಿಡ್ತಿದ್ದೆ ನೋಡು, ಅವನ ಹೊಡೀತಿದ್ದ" ಅಂದರು. ಆಮೇಲೆ ನನ್ನ ಮುಖ ನೋಡಿ, "ಈಗ ಹೊಸಾದು ಹೊಡೀತೇನಿ, ನೀ ಸ್ವಲ್ಪ ಆ ಕಡೆ ತಿರುಗು" ಅಂದರು.

ತಿರುಗಿ ನಿಂತೆ.