ಸೀಮೆಎಣ್ಣೆ ದೀಪ ರೇಡಿಯೊ ಹಾಡಿಸಿದ ಕಾಲ

ಸೀಮೆಎಣ್ಣೆ ದೀಪ ಬೆಳಕು ಕೊಡುವುದಕ್ಕಿಂತ ಬಿಸಿ ಕಾರುವುದೇ ಹೆಚ್ಚು. ಎಣ್ಣೆಯಲ್ಲಿರುವ ಶಕ್ತಿಯ ಬಹುಪಾಲು ಗಾಜಿನ ಚಿಮಣಿಯ ಬಾಯಿಂದ ಸುಮ್ಮನೆ ಗಾಳಿ ಸೇರುತ್ತದೆ. 1950ರ ದಶಕದಲ್ಲಿ ಸೋವಿಯತ್ ಒಕ್ಕೂಟದಲ್ಲಿ, ಕರೆಂಟು ಬಾರದ ಹಳ್ಳಿಮನೆಗಳ ರೇಡಿಯೊ ನಡೆಸಲು ಇದೇ ಪೋಲು ಬಿಸಿಯನ್ನು ಬಳಸಿಕೊಂಡರು.

ಇದರ ಹಿಂದಿನ ವಿಜ್ಞಾನ ಹಳೆಯದು. 1821ರಲ್ಲಿ ಬರ್ಲಿನ್‌ನ ತಾಮಸ್ ಸೀಬೆಕ್ ಎರಡು ಬೇರೆ ಬೇರೆ ಲೋಹಗಳ ತುದಿಗಳನ್ನು ಕೂಡಿಸಿ, ಒಂದು ಕೂಡುಜಾಗವನ್ನು ಕಾಯಿಸಿದ. ಪಕ್ಕದಲ್ಲಿದ್ದ ದಿಕ್ಸೂಚಿಯ ಮುಳ್ಳು ಹೊರಳಿತು. ಬಿಸಿಯಿಂದ ಕಾಂತಶಕ್ತಿ ಹುಟ್ಟಿತು ಎಂದುಕೊಂಡ. ನಿಜವಾಗಿ ಅಲ್ಲಿ ಹರಿದಿದ್ದು ವಿದ್ಯುತ್ತು. ಒಂದು ತುದಿ ಬಿಸಿಯಾಗಿ, ಇನ್ನೊಂದು ತಣ್ಣಗಿರುವಷ್ಟು ಹೊತ್ತೂ ಅದು ಹರಿಯುತ್ತಲೇ ಇರುತ್ತದೆ. ತಿರುಗುವ ಚಕ್ರವಿಲ್ಲ, ಸವೆಯುವ ಭಾಗವಿಲ್ಲ.

ತೊಡಕು ಇದ್ದದ್ದು ಲೋಹದಲ್ಲೇ. ವಿದ್ಯುತ್ತನ್ನು ಚೆನ್ನಾಗಿ ಸಾಗಿಸುವ ಲೋಹ ಬಿಸಿಯನ್ನೂ ಅಷ್ಟೇ ಚೆನ್ನಾಗಿ ಸಾಗಿಸುತ್ತದೆ. ಹಾಗಾಗಿ ತಣ್ಣನೆಯ ತುದಿಯೂ ಬೇಗ ಬಿಸಿಯಾಗಿ, ಸಿಗುವ ವಿದ್ಯುತ್ತು ಅಲ್ಪವಾಗುತ್ತದೆ. ವಿದ್ಯುತ್ತನ್ನು ಬಿಟ್ಟು ಬಿಸಿಯನ್ನು ತಡೆಯುವ ವಸ್ತು ಬೇಕಿತ್ತು. ಅದು ಅರೆವಾಹಕಗಳಲ್ಲಿ ಸಿಗಬಹುದು ಎಂದು ಹಟ ಹಿಡಿದು ಹುಡುಕಿದವರಲ್ಲಿ ಪ್ರಮುಖ, ಲೆನಿನ್‌ಗ್ರಾಡಿನ ಭೌತವಿಜ್ಞಾನಿ ಅಬ್ರಾಮ್ ಯೋಫೆ.

ಆ ಹುಡುಕಾಟಕ್ಕೆ ತುರ್ತು ತಂದದ್ದು ಎರಡನೇ ಮಹಾಯುದ್ಧ. ಜರ್ಮನ್ ಸೈನ್ಯದ ಬೆನ್ನ ಹಿಂದೆ ಕಾಡಿನಲ್ಲಿ ಅಡಗಿದ್ದ ಗೆರಿಲ್ಲಾ ಪಡೆಗಳ ಬಳಿ ರೇಡಿಯೊ ಇತ್ತು, ಬ್ಯಾಟರಿ ಮುಗಿದರೆ ತಂದುಕೊಡುವವರಿರಲಿಲ್ಲ. ಯೋಫೆಯ ಬಳಗ ಅವರಿಗೊಂದು ಪಾತ್ರೆ ಮಾಡಿಕೊಟ್ಟಿತು. ಅದರ ತಳದಲ್ಲಿ ಉಷ್ಣವಿದ್ಯುತ್ ತುಣುಕುಗಳ ಸಾಲು. ಕೆಳಗೆ ಸೌದೆಯ ಬೆಂಕಿ, ಒಳಗೆ ನೀರು. ನೀರು ಕುದಿದರೂ ಬೆಂಕಿಗೆ ಹೋಲಿಸಿದರೆ ತಂಪೇ! ಆ ಅಂತರದಿಂದ ಕೆಲವು ವ್ಯಾಟ್ ಹುಟ್ಟಿ, ಸಂದೇಶ ಕಳಿಸಲು ಅಷ್ಟೇ ಸಾಕಾಗುತ್ತಿತ್ತು.

ಯುದ್ಧ ಮುಗಿದ ಮೇಲೆ ಅದೇ ಜಾಣ್ಮೆ ದೀಪವನ್ನೇರಿತು. ಚಿಮಣಿಯ ಮೇಲೆ ಲೋಹದ ರೆಕ್ಕೆಗಳಿರುವ ಕಿರೀಟದಂಥ ಸಾಧನ. ಒಳಮೈಗೆ ದೀಪದ ಬಿಸಿಗಾಳಿ, ಹೊರಗಿನ ರೆಕ್ಕೆಗಳಿಗೆ ಕೋಣೆಯ ತಂಪು. ನಡುವೆ ಸತು-ಆಂಟಿಮನಿ ಮಿಶ್ರಣ ಮತ್ತು ಕಾನ್‌ಸ್ಟಂಟನ್ ಎಂಬ ಮಿಶ್ರಲೋಹದ ಜೋಡಿಗಳು. ಟಿಜಿಕೆ-3 ಎಂಬ ಈ ಸಾಧನ ಕೊಡುತ್ತಿದ್ದುದು ಸುಮಾರು 3 ವ್ಯಾಟ್. ಆ ಕಾಲದ ವಾಲ್ವ್ ರೇಡಿಯೊಗೆ ಅಷ್ಟು ಸಾಕು.

ಎಣ್ಣೆಯ ಲೆಕ್ಕ ಹಾಕಿದರೆ ಇದು ನಗೆಪಾಟಲು. ಅದರ ಶಕ್ತಿಯ ತೀರಾ ಚಿಕ್ಕ ಪಾಲು ಮಾತ್ರ ವಿದ್ಯುತ್ತಾಗುತ್ತಿತ್ತು. ಆದರೆ ಎಣ್ಣೆ ಸುಡುತ್ತಿದ್ದದ್ದು ಬೆಳಕಿಗಾಗಿ. ದೀಪ ಹೇಗೂ ಉರಿಯಲೇಬೇಕಿತ್ತು. ಆ ಮನೆಗೆ ಹೊರಜಗತ್ತಿನ ಸುದ್ದಿ ಬಂದದ್ದು ಕೂಲಿಯಿಲ್ಲದೆ ಸಿಕ್ಕ ಲಾಭ.

ಮುಂದೆ ಹಳ್ಳಿಗಳಿಗೆ ವಿದ್ಯುತ್ ತಂತಿ ಬಂತು. ಚಿಕ್ಕ ಬ್ಯಾಟರಿಯಲ್ಲೇ ನಡೆಯುವ ಟ್ರಾನ್ಸಿಸ್ಟರ್ ರೇಡಿಯೊ ಬಂತು. ಅರೆವಾಹಕದಿಂದ ಹುಟ್ಟಿದ ದೀಪದ ಜನರೇಟರನ್ನು ಇನ್ನೊಂದು ಅರೆವಾಹಕವೇ ಮೂಲೆಗೆ ತಳ್ಳಿತು.

ಆದರೆ ತತ್ವ ಸಾಯಲಿಲ್ಲ. 1977ರಲ್ಲಿ ಹಾರಿದ ವಾಯೇಜರ್ ನೌಕೆಗಳು ಪ್ಲುಟೋನಿಯಂನ ಬಿಸಿಯಿಂದ ಹೀಗೆಯೇ ವಿದ್ಯುತ್ ಪಡೆಯುತ್ತವೆ. ಸೌದೆ ಒಲೆಯ ಬಿಸಿಯಿಂದಲೇ ಪುಟ್ಟ ಫ್ಯಾನ್ ತಿರುಗಿಸಿ, ಬೆಂಕಿಗೆ ಗಾಳಿಯೂದಿ ಹೊಗೆ ತಗ್ಗಿಸುವ ಒಲೆಗಳೂ ಬಂದಿವೆ.

ಕಾರಿನ ಹೊಗೆಕೊಳವೆ, ಕಾರ್ಖಾನೆಯ ಚಿಮಣಿಗಳಿಂದ ಪೋಲಾಗುವ ಬಿಸಿಯ ದೊಡ್ಡ ಅಂಕಿ ತೋರಿಸಿ ಕ್ರಾಂತಿಯ ಮಾತಾಡುವವರಿದ್ದಾರೆ. ದೀಪದ ಚರಿತ್ರೆ ಕಲಿಸುವ ಪ್ರಶ್ನೆ ಬೇರೆ. ಬಿಸಿ ಎಷ್ಟು ಪೋಲಾಗುತ್ತಿದೆ ಎನ್ನುವುದಕ್ಕಿಂತ, ಆ ಬಿಸಿಯ ಪಕ್ಕದಲ್ಲಿ ನಾಲ್ಕು ವ್ಯಾಟ್‌ಗಾಗಿ ಕಾಯುತ್ತಿರುವವರು ಯಾರು ಎಂದು ಮೊದಲು ಕೇಳಬೇಕು. ಹೊಗೆ ತುಂಬಿದ ಅಡುಗೆಮನೆಯಲ್ಲಿ ಕೂತವರಿಗೆ ಆ ನಾಲ್ಕು ವ್ಯಾಟ್ ಸಣ್ಣದಲ್ಲ.