ಹೊಳೆ ದಾಟದ ಕಾನೂನು, ಗಡಿ ದಾಟುವ ಆದೇಶ

ಹಾವೇರಿಯಿಂದ ಹೊರಟ ರೈಲು ಬ್ಯಾಡಗಿ, ರಾಣೆಬೆನ್ನೂರುಗಳನ್ನು ಹಾಯ್ದು ತುಂಗಭದ್ರೆ ದಾಟಿದರೆ ಹರಿಹರ. ಇಂದು ಇದು ಒಂದು ಜಿಲ್ಲೆಯಿಂದ ಪಕ್ಕದ ಜಿಲ್ಲೆಗೆ ಹೋಗುವ ದಾರಿ, ಅಷ್ಟೆ. ಸ್ವಾತಂತ್ರ್ಯಪೂರ್ವದಲ್ಲಿ ಹಾಗಿರಲಿಲ್ಲ. ಈಚೆ ದಡದ ಮೂರೂ ಊರುಗಳು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಆಚೆ ದಡದ ಹರಿಹರ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಹೆಣ್ಣು ಕೊಟ್ಟು ತರುವ ನಂಟು ಹೊಳೆ ದಾಟುತ್ತಿತ್ತು, ಕಾನೂನು ದಾಟುತ್ತಿರಲಿಲ್ಲ.

ಮುಂಬೈ ಪ್ರಾಂತ್ಯದಲ್ಲಿ ಮಗುವಿನ ಪಾಲನೆಯ ವ್ಯಾಜ್ಯಕ್ಕೆ 1890ರ ಪಾಲಕರು ಮತ್ತು ಪಾಲಿತರ ಕಾಯ್ದೆ ಅನ್ವಯಿಸುತ್ತಿತ್ತು. ತಂದೆ ಬದುಕಿದ್ದು, ಅವನು ಅನರ್ಹನೆಂದು ಕೋರ್ಟಿಗೆ ಕಾಣದ ಹೊರತು ಬೇರೊಬ್ಬ ಪಾಲಕರನ್ನು ನೇಮಿಸುವಂತಿರಲಿಲ್ಲ. ಮೈಸೂರಿನ ಶಾಸನಗಳೇ ಬೇರೆ. ಬ್ರಿಟಿಷ್ ಭಾರತದ ಕಾನೂನಿನ ಕಣ್ಣಿಗೆ ಅಲ್ಲಿನ ನ್ಯಾಯಾಲಯ 'ವಿದೇಶಿ'. 1933ರಲ್ಲಿ ಮೈಸೂರು ಹಿಂದೂ ಸ್ತ್ರೀಯರಿಗೆ ಆಸ್ತಿಯ ಹಕ್ಕು ವಿಸ್ತರಿಸಿತು; 1947ರಲ್ಲಿ ಮುಂಬೈ ಹಿಂದೂಗಳಿಗೆ ವಿಚ್ಛೇದನದ ಅವಕಾಶ ಕೊಟ್ಟಿತು. ಒಂದೇ ಹೊಳೆಯ ನೀರು ಕುಡಿಯುವ ಇಬ್ಬರು ಅಕ್ಕತಂಗಿಯರಿಗೆ ಎರಡು ಬಗೆಯ ನ್ಯಾಯ.

1956 ಈ ಗೋಡೆಯನ್ನು ಕೆಡವಿತು. ಆಗಸ್ಟಿನಲ್ಲಿ ಬಂದ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಮಗುವಿನ ಹಿತವೇ ಪರಮೋಚ್ಚ ಎಂದು ಸಾರಿತು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದಿತು. ನವೆಂಬರ್ 1ರಂದು ಎರಡೂ ದಡಗಳು ಒಂದೇ ರಾಜ್ಯಕ್ಕೆ ಸೇರಿದವು.

ಆದರೆ ಸಂಬಂಧಗಳು ಮಹಾರಾಷ್ಟ್ರ, ಗೋವೆಗಳಿಗೂ ಬೆಳೆದವು. ಗಂಡನ ಏಟು ತಾಳದೆ ಮಗುವನ್ನು ಎತ್ತಿಕೊಂಡು ಪುಣೆಯಿಂದ ರಾಣೆಬೆನ್ನೂರಿನ ತವರಿಗೆ ಬಂದವಳು ಯಾವ ಕೋರ್ಟಿನ ಮೆಟ್ಟಿಲು ಹತ್ತಬೇಕು?

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದಕ್ಕೆ ಉತ್ತರ ಕೊಟ್ಟಿತು. ನೊಂದವಳು ತಾತ್ಕಾಲಿಕವಾಗಿ ನೆಲೆಸಿರುವ ಊರಿನ ಮ್ಯಾಜಿಸ್ಟ್ರೇಟರೂ ರಕ್ಷಣಾ ಆದೇಶ ನೀಡಬಹುದು. ಆ ಆದೇಶ ಭಾರತದಾದ್ಯಂತ ಊರ್ಜಿತ. ಮೀರಿದವನಿಗೆ ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮಗುವಿನ ತಾತ್ಕಾಲಿಕ ವಶವನ್ನೂ ಕೊಡಬಹುದು. ತಂದೆಯ ಭೇಟಿಯಿಂದ ಮಗುವಿಗೆ ಹಾನಿಯೆನಿಸಿದರೆ ನಿರಾಕರಿಸಬೇಕು.

ಇಲ್ಲಿ ಅನೇಕರು ಎಡವುತ್ತಾರೆ. ರಕ್ಷಣಾ ಆದೇಶ ದೊರೆತ ಮಾತ್ರಕ್ಕೆ ಮಗು ಶಾಶ್ವತವಾಗಿ ತಮ್ಮದಾಯಿತೆಂದು ತಾಯಂದಿರು, ತಮ್ಮ ಹಕ್ಕೇ ಹೋಯಿತೆಂದು ತಂದೆಯರು ತಿಳಿಯುತ್ತಾರೆ. ಎರಡೂ ಸರಿಯಲ್ಲ. ಅಂತಿಮ ಪಾಲನೆಯ ಪ್ರಶ್ನೆ ಬೇರೆ. ಪಾಲಕತ್ವದ ಅರ್ಜಿಗೆ ಇಂದಿಗೂ 1890ರ ಕಾಯ್ದೆಯೇ ಆಧಾರ; ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿಗೇ ಅಧಿಕಾರ. ಆ ವಾಸ ಎಲ್ಲಿ ಎಂಬುದು ಸಂಗತಿಗಳನ್ನು ನೋಡಿ ತೀರ್ಮಾನಿಸಬೇಕಾದ ವಿಷಯವೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಿಂಸೆಯ ದಾಖಲೆ ಮಗುವಿನ ಹಿತವನ್ನು ತೂಗುವಾಗ ತಕ್ಕಡಿಗೆ ಬೀಳುತ್ತದೆ, ಅದೊಂದೇ ತಕ್ಕಡಿಯಲ್ಲ. ಎರಡು ರಾಜ್ಯಗಳಲ್ಲಿ ದಾವೆ ಹೂಡಿದ್ದರೆ, ಒಂದನ್ನು ಇನ್ನೊಂದೆಡೆಗೆ ವರ್ಗಾಯಿಸುವ ಅಧಿಕಾರ ಸುಪ್ರೀಂ ಕೋರ್ಟಿನದು.

ಹಾಗಾಗಿ ತವರಿಗೆ ಬಂದ ತಾಯಿ ಆದೇಶದ ದೃಢೀಕೃತ ಪ್ರತಿಯನ್ನು ಜೋಪಾನ ಮಾಡಿದಷ್ಟೇ ಎಚ್ಚರದಿಂದ ಮಗುವಿನ ಶಾಲೆಯ ದಾಖಲೆಯನ್ನೂ ಇಟ್ಟುಕೊಳ್ಳಬೇಕು. ಮೊದಲಿನದು ಅವಳನ್ನು ಕಾಯುವ ಕಾಗದ; ಎರಡನೆಯದು ಮಗುವಿನ ಊರು ಯಾವುದೆಂದು ಹೇಳುವ ಕಾಗದ.